ಹಳೆ ಹತಾರಕ್ಕೆ ಹೊಸ ಬಾಯಿ: ವೀಣೆ ಕೆಲಸದ ಉಳಿ, ಬಾಚಿ, ಹತ್ತರಿಗಳನ್ನು ಸರಿಪಡಿಸಿ ಹರಿತ ಮಾಡುವ ಬಗೆ

ವೀಣೆಯ ಕೊಡವನ್ನು (ನಾದ ಹೊಮ್ಮುವ ದುಂಡು ಭಾಗ) ತೋಡುವಾಗ ಉಳಿ ಮೊಂಡಾಗಿದ್ದರೆ ಕೈ ಸೋಲುವುದು ಸಣ್ಣ ತೊಂದರೆ. ದೊಡ್ಡ ತೊಂದರೆ ಮರದ್ದು. ವೀಣೆಗೆ ಬಳಸುವ ಹಲಸಿನ ಮರದ ಎಳೆ ಒಂದೇ ಕಡೆಗೆ ಓಡುವುದಿಲ್ಲ. ಒಂದು ಪಟ್ಟಿ ಈ ಕಡೆ ವಾಲಿದ್ದರೆ ಪಕ್ಕದ್ದು ಆ ಕಡೆ. ಉಳಿಯ ಬಾಯಿ (ಕತ್ತರಿಸುವ ಅಂಚು) ಮೊಂಡಾಗಿದ್ದರೆ ಅದನ್ನು ಕತ್ತರಿಸುವುದಿಲ್ಲ, ಕಿತ್ತು ಹಾಕುತ್ತದೆ. ಕಿತ್ತ ಜಾಗ ನಯವಾಗಲಿ ಅಂತ ಇನ್ನಷ್ಟು ಕೆರೆದರೆ ಗೋಡೆ ಅಲ್ಲಿ ಮಾತ್ರ ತೆಳ್ಳಗಾಗುತ್ತದೆ. ಕುರ್ಚಿಯ ಕಾಲಾಗಿದ್ದರೆ ಪರವಾಗಿಲ್ಲ ಅನ್ನಬಹುದಿತ್ತು. ನಾದ ಹೊಮ್ಮಬೇಕಾದ ಮರಕ್ಕೆ ಹಾಗನ್ನಲು ಆಗುವುದಿಲ್ಲ.

ದೊಡ್ಡಬಳ್ಳಾಪುರ ತಾಲ್ಲೂಕಿನ ಸಿಂಪಾಡಿಪುರ ವೀಣೆ ಮಾಡುವ ಊರೆಂದೇ ಹೆಸರಾಗಿದೆ. ಅಲ್ಲಿನವರಂತೆ ಹುಟ್ಟಿನಿಂದ ಈ ಕೆಲಸ ನೋಡಿದವರಿಗೆ ಈ ಬರಹ ಬೇಕಿಲ್ಲ. ಗುಜರಿಯಲ್ಲಿ ತುಕ್ಕು ಹಿಡಿದ ಉಳಿ ಕೊಂಡು ತಂದು, ಮುಂದೇನು ಅಂತ ನೋಡುತ್ತಾ ಕುಳಿತವರಿಗೆ ಇದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹತಾರ ಹೊಳೆಯಬೇಕಾಗಿಲ್ಲ, ಕತ್ತರಿಸಬೇಕು. ಮೈಯೆಲ್ಲ ಕನ್ನಡಿ ಮಾಡಲು ವಾರ ಕಳೆದು, ಬಾಯಿಗೆ ಹತ್ತು ನಿಮಿಷ ಕೊಡುವವರೇ ಜಾಸ್ತಿ.

ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಬೆಂಗಳೂರಿನ ಸಂಡೇ ಬಜಾರ್, ಯಾವುದೇ ಊರಿನ ಗುಜರಿ ಅಂಗಡಿ, ಕೆಲಸ ಬಿಟ್ಟ ಬಡಗಿಗಳ ಮನೆಯ ಅಟ್ಟ. ಹಳೆಯ ಹತಾರ ಸಿಗುವುದು ಇಲ್ಲೆಲ್ಲ. ಶೆಫೀಲ್ಡಿನ ಮಾರ್ಪಲ್ಸ್, ಸೋರ್ಬಿ ಉಳಿಗಳು, ಸ್ಟ್ಯಾನ್ಲಿ, ರೆಕಾರ್ಡ್ ಹತ್ತರಿಗಳು ಈಗಲೂ ಕಣ್ಣಿಗೆ ಬೀಳುತ್ತವೆ. ಅವುಗಳ ಮೇಲೆ ‘ಕ್ಯಾಸ್ಟ್ ಸ್ಟೀಲ್’ ಅಂತ ಮುದ್ರೆ ಇದ್ದರೆ ಬೀಡು ಕಬ್ಬಿಣ ಅಂದುಕೊಂಡು ಬಿಟ್ಟು ಬರಬೇಡಿ. ಅದು ಮೂಸೆಯಲ್ಲಿ ಕರಗಿಸಿ ಎರಕ ಹೊಯ್ದ ಒಳ್ಳೆ ಉಕ್ಕು. ಶೆಫೀಲ್ಡಿನಲ್ಲಿ 1740ರ ದಶಕದಲ್ಲಿ ಬೆಂಜಮಿನ್ ಹಂಟ್ಸ್‌ಮನ್ ರೂಢಿಗೆ ತಂದ ವಿಧಾನ ಅದು.

ಹೆಸರಿಲ್ಲದ ಉಳಿಗಳನ್ನೂ ಕೀಳಾಗಿ ಕಾಣಬೇಡಿ. ನಮ್ಮ ಕಡೆ ಕುಲುಮೆಯಲ್ಲಿ ಲಾರಿ ಪಟ್ಟಾದಿಂದ (ಸ್ಪ್ರಿಂಗ್ ಪಟ್ಟಿಯಿಂದ) ಬಡಿದು ಮಾಡಿದ ಉಳಿ, ಬಾಚಿಗಳು ಎಷ್ಟೋ ಸಲ ಹೊಸ ಅಂಗಡಿ ಮಾಲಿಗಿಂತ ಚೆನ್ನಾಗಿ ಬಾಯಿ ಹಿಡಿಯುತ್ತವೆ.

ಕೊಳ್ಳುವಾಗ ನೋಡಬೇಕಾದ್ದು ಬೆನ್ನು. ಉಳಿಗೆ ಎರಡು ಮುಖ: ಒಂದು ಓರೆ, ಇನ್ನೊಂದು ಚಪ್ಪಟೆ ಬೆನ್ನು. ಓರೆಯ ಮೇಲೆ ತುಕ್ಕು ಎಷ್ಟಿದ್ದರೂ ಚಿಂತೆಯಿಲ್ಲ, ಸಾಣೆಯಲ್ಲಿ ಹೋಗುತ್ತದೆ. ಬೆನ್ನಿನಲ್ಲಿ, ಬಾಯಿಯಿಂದ ಒಂದು ಇಂಚಿನೊಳಗೆ ತುಕ್ಕು ಗುಳಿ ತೋಡಿದ್ದರೆ ಯೋಚಿಸಿ. ಉಗುರಿಂದ ಸವರಿ ನೋಡಿ. ಉಗುರು ಗುಳಿಯಲ್ಲಿ ಸಿಕ್ಕಿಕೊಂಡರೆ ಆ ಉಳಿ ಒರಟು ಕೆಲಸಕ್ಕಷ್ಟೇ. ಹತ್ತರಿಯಾದರೆ ಅಲಗು ಹೊರಬರುವ ತಳದ ಸೀಳಿನ ಸುತ್ತ ಮತ್ತು ಪಕ್ಕದ ಗೋಡೆಗಳಲ್ಲಿ ಬಿರುಕು ಹುಡುಕಿ. ಬೀಡಿನ ಮೈ ಒಡೆದಿದ್ದರೆ ಎಷ್ಟು ಅಗ್ಗವಾದರೂ ಬೇಡ.

ಅರ ಒಂದನ್ನು ಜೇಬಿನಲ್ಲಿ ಇಟ್ಟುಕೊಂಡು ಹೋಗಿ. ಬಾಯಿಯ ಹತ್ತಿರ ಮೆಲ್ಲಗೆ ಎಳೆದು ನೋಡಿ. ಅರ ಜಾರಿದರೆ ಉಕ್ಕಿನಲ್ಲಿ ಹದ ಇದೆ. ಮೃದು ಕಬ್ಬಿಣದಂತೆ ಸುಲಭವಾಗಿ ಕಚ್ಚಿದರೆ ಯಾರೋ ಅದನ್ನು ಗ್ರೈಂಡರ್‌ನಲ್ಲಿ ಸುಟ್ಟಿದ್ದಾರೆ.

ತುಕ್ಕು ಬಿಡಿಸುವುದು

ಮೊದಲು ಹಿಡಿ ಕಳಚಿ. ಮೇಲಿನ ಸಡಿಲ ತುಕ್ಕನ್ನು ಸೀಮೆಎಣ್ಣೆ ಅಥವಾ ಡೀಸೆಲ್ ಹಚ್ಚಿ ಸ್ಟೀಲ್ ವೂಲ್‌ನಿಂದ ಉಜ್ಜಿ. ಅರ್ಧಕ್ಕರ್ಧ ಹತಾರಗಳಿಗೆ ಇಷ್ಟೇ ಸಾಕು.

ಗಟ್ಟಿ ತುಕ್ಕಿಗೆ ಬಿಳಿ ವಿನೆಗರ್. ಹತಾರ ಪೂರ್ತಿ ಮುಳುಗಬೇಕು. ಅರ್ಧ ಹೊರಗಿದ್ದರೆ ನೀರಿನ ಮಟ್ಟದಲ್ಲಿ ಗೆರೆ ಕೊರೆದು ಬಿಡುತ್ತದೆ. ರಾತ್ರಿ ಹಾಕಿ ಬೆಳಿಗ್ಗೆ ತೆಗೆದು ಬ್ರಷ್‌ನಿಂದ ತಿಕ್ಕಿ. ಇನ್ನೂ ಇದ್ದರೆ ಮತ್ತೆ ಕೆಲವು ಗಂಟೆ. ಒಂದು ದಿನಕ್ಕಿಂತ ಹೆಚ್ಚು ಬಿಡಬೇಡಿ, ಆಮ್ಲ ಉಕ್ಕನ್ನೂ ತಿನ್ನತೊಡಗುತ್ತದೆ. ಆಮೇಲೆ ಒಂದು ಚಮಚ ಅಡುಗೆ ಸೋಡಾ ಹಾಕಿದ ನೀರಿನಲ್ಲಿ ಅದ್ದಿ, ಬಿಸಿನೀರಲ್ಲಿ ತೊಳೆದು, ಬಟ್ಟೆಯಲ್ಲಿ ಒರೆಸಿ, ಕೂಡಲೇ ಎಣ್ಣೆ ಹಚ್ಚಿ. ‘ಕೂಡಲೇ’ ಅಂದರೆ ಕೂಡಲೇ. ಒದ್ದೆ ಬಿಟ್ಟು ಕಾಫಿ ಕುಡಿದು ಬರುವಷ್ಟರಲ್ಲಿ ಕೇಸರಿ ತುಕ್ಕು ಮತ್ತೆ ಕೂತಿರುತ್ತದೆ.

ಬಾತ್‌ರೂಮಿನ ಆ್ಯಸಿಡ್ ಮಾತ್ರ ಬೇಡ. ಅದರ ಹೊಗೆ ಶ್ವಾಸಕ್ಕೂ ಕೆಟ್ಟದ್ದು, ಕೋಣೆಯಲ್ಲಿರುವ ಉಳಿದ ಹತಾರಗಳಿಗೂ ತುಕ್ಕು ತರುತ್ತದೆ. ಹದ ಕೊಟ್ಟ ಉಕ್ಕು ಅದರಲ್ಲಿ ಪೆಡಸಾಗಿ ಬಾಯಿ ಚಕ್ಕೆ ಏಳುವುದೂ ಉಂಟು.

ಹತ್ತರಿಯ ಮೈಯಂಥ ದೊಡ್ಡ ಭಾಗಗಳಿಗೆ ಬ್ಯಾಟರಿ ಚಾರ್ಜರ್ ವಿಧಾನ ಚೆನ್ನ. ಪ್ಲಾಸ್ಟಿಕ್ ಬಕೆಟ್, ಲೀಟರ್ ನೀರಿಗೆ ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ, 12 ವೋಲ್ಟ್ ಚಾರ್ಜರ್. ನೆಗೆಟಿವ್ ತಂತಿ ಹತಾರಕ್ಕೆ, ಪಾಸಿಟಿವ್ ಒಂದು ಹಳೆ ಕಬ್ಬಿಣದ ತುಂಡಿಗೆ. ಎರಡೂ ಒಂದಕ್ಕೊಂದು ತಾಗಬಾರದು. ಪಾಸಿಟಿವ್ ಕಡೆಗೆ ಸ್ಟೇನ್‌ಲೆಸ್ ಸ್ಟೀಲ್ ಚಮಚ ಹಾಕಬೇಡಿ, ಕ್ರೋಮಿಯಂನ ವಿಷ ನೀರಿಗೆ ಸೇರುತ್ತದೆ. ಹೈಡ್ರೋಜನ್ ಗುಳ್ಳೆ ಏಳುವುದರಿಂದ ಈ ಕೆಲಸ ಅಂಗಳದಲ್ಲಿ ಆಗಲಿ.

ವಿನೆಗರ್‌ನಿಂದ ಇನ್ನೊಂದು ಲಾಭವಿದೆ. ಹಳೆಯ ಉಳಿ ಅನೇಕ ವೇಳೆ ಎರಡು ಲೋಹ: ಮೃದು ಕಬ್ಬಿಣದ ಮೈಗೆ ಗಟ್ಟಿ ಉಕ್ಕಿನ ತೆಳು ಪಟ್ಟಿಯನ್ನು ಕುಲುಮೆಯಲ್ಲೇ ಬೆಸೆದಿರುತ್ತಾರೆ. ವಿನೆಗರ್‌ನಿಂದ ತೆಗೆದಾಗ ಪಕ್ಕದಿಂದ ನೋಡಿ. ಉಕ್ಕು ಕಪ್ಪಗೆ, ಕಬ್ಬಿಣ ಬೂದು, ನಡುವೆ ಒಂದು ಗೆರೆ. ಉಕ್ಕಿನ ಪಟ್ಟಿ ಇರುವುದು ಬೆನ್ನಿನ ಕಡೆ. ಅದು ಬಾಯಿಯಿಂದ ಎಷ್ಟು ಹಿಂದಕ್ಕೆ ಹೋಗಿದೆಯೋ ಅಷ್ಟೇ ಆ ಉಳಿಯ ಉಳಿದ ಆಯುಸ್ಸು.

ಬೆನ್ನು ಮೊದಲು

ಬಾಯಿ ಅಂದರೆ ಎರಡು ಮುಖ ಸೇರುವ ಗೆರೆ. ಒಂದು ಮುಖವನ್ನಷ್ಟೇ ನಯ ಮಾಡಿದರೆ ಗೆರೆ ನಯವಾಗುವುದಿಲ್ಲ. ಓರೆಯನ್ನು ಮಾತ್ರ ತಿಕ್ಕಿ ತಿಕ್ಕಿ ‘ಎಷ್ಟು ಸಾಣೆ ಹಿಡಿದರೂ ಹರಿತ ಬರಲ್ಲ’ ಅನ್ನುವವರ ಉಳಿ ತಿರುಗಿಸಿ ನೋಡಿ. ಬೆನ್ನಿನಲ್ಲಿ ಹಳೆಯ ಗೀರುಗಳೆಲ್ಲ ಹಾಗೇ ಇರುತ್ತವೆ.

ಇದಕ್ಕೆ ದುಬಾರಿ ಕಲ್ಲು ಬೇಕಿಲ್ಲ. ಅಡುಗೆಮನೆ ಕಟ್ಟೆಗೆ ಹಾಕಿ ಉಳಿದ ಪಾಲಿಷ್ ಗ್ರಾನೈಟ್ ತುಂಡು ನಮ್ಮಲ್ಲಿ ಎಲ್ಲ ಊರಲ್ಲೂ ಸಿಗುತ್ತದೆ. ಒಂದಡಿ ಉದ್ದ ಸಾಕು. ಸ್ಟೀಲ್ ಸ್ಕೇಲಿನ ಅಂಚನ್ನು ಕಲ್ಲಿನ ಮೇಲೆ ನಿಲ್ಲಿಸಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ತೂರದಿದ್ದರೆ ಸಮತಟ್ಟು ಇದೆ. ಸಿಗದಿದ್ದರೆ 8 ಅಥವಾ 10 ಮಿ.ಮೀ. ದಪ್ಪದ ಗಾಜು.

ಅದರ ಮೇಲೆ ನೀರು ಚಿಮುಕಿಸಿ 180ರ ವಾಟರ್ ಪೇಪರ್ (ಸಂಖ್ಯೆ ಏರಿದಷ್ಟೂ ನಯ) ಅಂಟಿಸಿ. ಉಳಿಯ ಬೆನ್ನಿಗೆ ಮಾರ್ಕರ್ ಪೆನ್ನಿನಿಂದ ಅಡ್ಡಗೆರೆ ಎಳೆಯಿರಿ. ಈಗ ಬಾಯಿಯಿಂದ ಸುಮಾರು ಎರಡು ಇಂಚಿನಷ್ಟು ಭಾಗವನ್ನು ಪೇಪರ್ ಮೇಲೆ ಇಟ್ಟು, ಎಡಗೈಯ ಎರಡು ಬೆರಳಿಂದ ಬಾಯಿಯ ಹತ್ತಿರ ಒತ್ತಿ, ಹಿಂದೆ ಮುಂದೆ ಆಡಿಸಿ. ಹತ್ತು ಸಲ ಆದ ಮೇಲೆ ತಿರುಗಿಸಿ ನೋಡಿ. ಮಸಿ ಅಳಿಸಿಹೋದ ಕಡೆ ಎತ್ತರ, ಉಳಿದ ಕಡೆ ತಗ್ಗು. ಸಾಮಾನ್ಯವಾಗಿ ಎರಡು ಅಂಚುಗಳಲ್ಲಿ ಅಳಿಸಿ ನಡುವೆ ಉಳಿದಿರುತ್ತದೆ. ಅದು ಒಳ್ಳೆಯ ಲಕ್ಷಣ, ಬೇಗ ಸರಿಯಾಗುತ್ತದೆ. ನಡುವೆ ಅಳಿಸಿ ಅಂಚು ಉಳಿದಿದ್ದರೆ ಬೆನ್ನು ಉಬ್ಬಿದೆ. ತಾಳ್ಮೆ ಬೇಕು.

ಯಾವ ಕಾರಣಕ್ಕೂ ಹಿಡಿಯ ಕಡೆ ಕೈ ಎತ್ತಬೇಡಿ. ಒಂದೇ ಒಂದು ಸಲ ಎತ್ತಿದರೂ ಬಾಯಿಯ ಹತ್ತಿರ ಬೆನ್ನು ದುಂಡಗಾಗುತ್ತದೆ, ಅರ್ಧ ಗಂಟೆಯ ಕೆಲಸ ನೀರುಪಾಲು.

ಪೂರ್ತಿ ಬೆನ್ನು ಸಮವಾಗಬೇಕು ಅಂತೇನಿಲ್ಲ. ಬಾಯಿಯ ಹಿಂದೆ ಒಂದು ಇಂಚು, ಆ ಮೂಲೆಯಿಂದ ಈ ಮೂಲೆವರೆಗೆ ಒಂದೇ ಬಣ್ಣದ ಮಂಕು ಹೊಳಪು ಬಂದರೆ ಸಾಕು. ಆಮೇಲೆ 320, 600, 1000, 2000 ಅಂತ ಏರುತ್ತಾ ಹೋಗಿ. ಪ್ರತಿ ಪೇಪರ್ ಬದಲಿಸುವಾಗ ಹತಾರ, ಕಲ್ಲು, ಕೈ ಮೂರನ್ನೂ ತೊಳೆಯಿರಿ. 180ರ ಒಂದು ಕಣ 2000ದ ಮೇಲೆ ಬಿದ್ದರೂ ಉದ್ದಕ್ಕೆ ಗೀರು. 2000 ಮುಗಿದ ಮೇಲೆ ಬೆನ್ನಿನಲ್ಲಿ ನಿಮ್ಮ ರೆಪ್ಪೆಕೂದಲು ಕಾಣಿಸುತ್ತದೆ. ಹೊಳಪು ಬೇಡ ಅಂದೆನಲ್ಲ, ಈ ಒಂದು ಇಂಚಿಗೆ ಮಾತ್ರ ಆ ಮಾತು ಹೊಂದುವುದಿಲ್ಲ. ಮತ್ತೆ ಈ ಕೆಲಸ ಒಂದು ಉಳಿಗೆ ಒಂದೇ ಸಲ. ಮುಂದೆ ಓರೆ ತಿಕ್ಕಿದಾಗಲೆಲ್ಲ ಬೆನ್ನನ್ನು ಕೊನೆಯ ಪೇಪರ್ ಮೇಲೆ ಎರಡು ಸಲ ಎಳೆದರೆ ಸಾಕು.

ಓರೆ ಮತ್ತು ಕೋನ

ಕೋನ ಅಳೆಯಲು ಸಾಧನ ಬೇಡ. ಓರೆಯ ಉದ್ದ ಉಳಿಯ ದಪ್ಪದ ಎರಡರಷ್ಟಿದ್ದರೆ 30 ಡಿಗ್ರಿ. ದಪ್ಪ 4 ಮಿ.ಮೀ. ಆದರೆ ಓರೆ 8 ಮಿ.ಮೀ. ಅದೇ 25 ಡಿಗ್ರಿಗೆ ಸುಮಾರು ಒಂಬತ್ತೂವರೆ ಮಿ.ಮೀ. ಬರುತ್ತದೆ. ಹಲಸಿನಲ್ಲಿ ಕೈಯಿಂದ ಒತ್ತಿ ಸವರುವ ಉಳಿಗೆ 25. ಕೊಡತಿಯಿಂದ ಹೊಡೆಯುವ ಉಳಿಗೆ 30. ಬೀಟೆ ಮರದ ಕೆತ್ತನೆ, ಅಂಚಿನ ಪಟ್ಟಿ ಕೂರಿಸುವ ಕೆಲಸಕ್ಕೆ 30ರಿಂದ 35. ಅದಕ್ಕಿಂತ ಚೂಪು ಮಾಡಿದರೆ ಬೀಟೆ ಉಳಿಯ ಬಾಯನ್ನು ಮುರಿಯುತ್ತದೆ.

ಬಾಯಿ ಚಕ್ಕೆ ಎದ್ದಿದ್ದರೆ ಗ್ರೈಂಡರ್ ಬೇಕಾಗಬಹುದು. ಅಲ್ಲಿ ಒಂದೇ ನಿಯಮ: ಬೆರಳಿಗೆ ಬಿಸಿ ತಾಗಿದರೆ ನೀರಿಗೆ. ಉಕ್ಕಿನ ಮೇಲೆ ತಿಳಿ ಹುಲ್ಲಿನ ಬಣ್ಣ ಬಂದರೆ ಸುಮಾರು 220 ಡಿಗ್ರಿ ಸೆಲ್ಸಿಯಸ್ ಮುಟ್ಟಿದೆ, ಇನ್ನೂ ಬದುಕಿದೆ. ನೀಲಿ ಬಂದರೆ 300ರ ಆಸುಪಾಸು, ಅಷ್ಟು ಭಾಗದ ಹದ ಹೋಯಿತು. ಆ ನೀಲಿಯನ್ನು ದಾಟಿ ಹಿಂದಿನ ಉಕ್ಕಿನವರೆಗೆ ತಣ್ಣಗೆ ತಿಕ್ಕಬೇಕು. ತೆಳ್ಳಗಿನ ಬಾಯಿಯೇ ಮೊದಲು ಕಾಯುವುದರಿಂದ ಬಾಯಿಯನ್ನು ಮೊದಲು ಚೌಕವಾಗಿ ಸವೆಸಿ, ಅರ್ಧ ಮಿ.ಮೀ. ದಪ್ಪ ಉಳಿಯುವವರೆಗೆ ಮಾತ್ರ ಗ್ರೈಂಡರ್, ಮಿಕ್ಕಿದ್ದು ಕಲ್ಲು. ಕೈಯಿಂದ ತಿರುಗಿಸುವ ಹಳೆ ಗ್ರೈಂಡರ್ ಸಿಕ್ಕರೆ ಬಿಡಬೇಡಿ, ಅದು ಸುಡುವ ಸಾಧ್ಯತೆ ಬಹಳ ಕಡಿಮೆ. ಬೀದಿಯಲ್ಲಿ ಸೈಕಲ್ ಮೇಲೆ ಸಾಣೆ ಹಿಡಿಯಲು ಬರುವವರಿಗೆ ಅಡುಗೆಮನೆ ಚಾಕು ಕೊಡಿ. ಉಳಿ ಕೊಡಬೇಡಿ.

ಹದ ಪೂರ್ತಿ ಹೋದ ಉಳಿಗೂ ದಾರಿ ಇದೆ. ಬಾಯಿಯ ಒಂದೂವರೆ ಇಂಚನ್ನು ಕೆಂಪಗೆ ಕಾಯಿಸಿ. ಅಯಸ್ಕಾಂತ ಹಿಡಿಯದಂತಾದಾಗ, ಅಂದರೆ ಸುಮಾರು 770 ಡಿಗ್ರಿಯಲ್ಲಿ, ಇನ್ನೊಂದು ಚೂರು ಕಾಯಿಸಿ, ಬೆಚ್ಚಗಿನ ಕಡಲೆಕಾಯಿ ಎಣ್ಣೆಯಲ್ಲಿ ನೇರ ಅದ್ದಿ. ಈಗ ಅದು ಗಾಜಿನಷ್ಟು ಪೆಡಸು. ತಿಕ್ಕಿ ಬೆಳ್ಳಗೆ ಮಾಡಿ ಅಡುಗೆಮನೆಯ ಓವನ್‌ನಲ್ಲಿ 200 ಡಿಗ್ರಿಗೆ ಒಂದು ಗಂಟೆ ಇಡಿ. ಎಣ್ಣೆಗೆ ಬೆಂಕಿ ಹತ್ತಬಹುದು. ಲೋಹದ ಪಾತ್ರೆ, ಪಕ್ಕದಲ್ಲಿ ಅದರ ಮುಚ್ಚಳ, ಬಯಲು ಜಾಗ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಹತ್ತಿರದಲ್ಲಿ ಕುಲುಮೆ ಇದ್ದರೆ ಅವರ ಕೈಗೆ ಕೊಡುವುದೇ ವಾಸಿ.

ಓರೆ ತಿಕ್ಕುವ ಕ್ರಮ ಸರಳ. ಕಾರ್ಬೊರಂಡಮ್ ಕಲ್ಲಿನ ಒರಟು ಬದಿ, ಆಮೇಲೆ ನಯ ಬದಿ, ಆಮೇಲೆ ಗ್ರಾನೈಟ್ ಮೇಲಿನ 1000, 2000. ಓರೆಯ ಹಿಮ್ಮಡಿ (ಹಿಂದಿನ ಅಂಚು) ಮತ್ತು ಬಾಯಿ ಎರಡೂ ಕಲ್ಲಿಗೆ ತಾಗಿದ್ದು ಕೈಗೆ ಗೊತ್ತಾಗುತ್ತದೆ. ಆ ಕೋನದಲ್ಲಿ ಮಣಿಕಟ್ಟು ಬಿಗಿಹಿಡಿದು, ಮೊಣಕೈಯಿಂದ ಅಲ್ಲ, ಸೊಂಟದಿಂದ ಮೈ ಆಡಿಸಿ. ಎಲ್ಲಿವರೆಗೆ ತಿಕ್ಕಬೇಕು? ಬರ್ ಏಳುವವರೆಗೆ. ಬೆನ್ನಿನ ಮೇಲಿಂದ ಬಾಯಿಯ ಆಚೆಗೆ ಹೆಬ್ಬೆರಳು ಸವರಿದರೆ ಕೂದಲಿನಷ್ಟು ಸಣ್ಣ ತಡೆ ಸಿಗುತ್ತದೆ, ಅದೇ ಬರ್. ಅದು ಈ ಮೂಲೆಯಿಂದ ಆ ಮೂಲೆವರೆಗೆ ಎಲ್ಲೂ ತಪ್ಪದೆ ಸಿಗಬೇಕು. ಬರ್ ಬರುವ ಮೊದಲೇ ನಯದ ಪೇಪರ್‌ಗೆ ಹಾರುವುದರಿಂದಲೇ ಹೆಚ್ಚಿನ ಉಳಿಗಳು ಅರ್ಧ ಹರಿತದಲ್ಲಿ ಉಳಿಯುತ್ತವೆ.

ಕೊನೆಗೆ ತೊಗಲು. ಹಳೆಯ ಬೆಲ್ಟನ್ನು ಹಲಗೆಗೆ ಅಂಟಿಸಿ, ಪಾತ್ರೆ ಪಾಲಿಷ್ ಮಾಡುವವರ ಹತ್ತಿರ ಸಿಗುವ ಹಸಿರು ಬಫಿಂಗ್ ಸೋಪು ಬಳಿಯಿರಿ. ಹಿಂದಕ್ಕೆ ಮಾತ್ರ ಎಳೆಯಬೇಕು. ಓರೆ ಹತ್ತು ಸಲ, ಬೆನ್ನು ಹತ್ತು ಸಲ.

ಹರಿತ ನೋಡಲು ಹೆಬ್ಬೆರಳು ಕೊಯ್ದುಕೊಳ್ಳುವುದು ಬೇಡ. ಬಾಯಿಯನ್ನು ಬಲ್ಬಿನ ಕಡೆ ಹಿಡಿದು ನೇರ ನೋಡಿ. ಮೊಂಡು ಭಾಗ ಬಿಳಿ ಗೆರೆಯಾಗಿ ಮಿಂಚುತ್ತದೆ, ಹರಿತ ಭಾಗ ಕಾಣುವುದೇ ಇಲ್ಲ. ಇನ್ನೂ ಖಚಿತ ಆಗಬೇಕಾದರೆ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ಮರದ ತುದಿಯನ್ನು ಅಡ್ಡ ಎಳೆಗೆ ಸವರಿ. ಪುಡಿ ಉದುರದೆ, ಕತ್ತರಿಸಿದ ಜಾಗ ಹೊಳೆದರೆ ಕೆಲಸ ಆಯಿತು.

ಗೌಜ್: ಕೊಡ ತೋಡುವ ದುಂಡುಬಾಯಿ ಉಳಿ

ವೀಣೆ ಕೆಲಸದ ಜೀವ ಇದು. ಕೊಡದ ಒಳಮೈ ಕೆಳಗಿಳಿದು ಮತ್ತೆ ಮೇಲೇರುವುದರಿಂದ ಓರೆ ಹೊರಮೈಯಲ್ಲಿ ಇರುವ ಗೌಜ್ ಬೇಕು. ಒಳಗೆ ಓರೆ ಇರುವುದು ನೇರ ಇಳಿಸುವ ಕೆಲಸಕ್ಕೆ, ಅದು ತಗ್ಗಿನಲ್ಲಿ ನೆಟ್ಟುಕೊಳ್ಳುತ್ತದೆ.

ಕಲ್ಲಿನ ಉದ್ದಕ್ಕೆ ಅಡ್ಡವಾಗಿ ಗೌಜ್ ಹಿಡಿಯಿರಿ. ಎಡದಿಂದ ಬಲಕ್ಕೆ ಸರಿಸುತ್ತಾ ಮಣಿಕಟ್ಟನ್ನು ತಿರುಗಿಸಿ. ಎಡತುದಿಯಲ್ಲಿ ಗೌಜಿನ ಒಂದು ಮೂಲೆ ಕಲ್ಲಿಗೆ ತಾಗಿರಬೇಕು, ಬಲತುದಿಗೆ ಬರುವಷ್ಟರಲ್ಲಿ ಇನ್ನೊಂದು ಮೂಲೆ. ಮತ್ತೆ ಹಾಗೇ ವಾಪಸ್. ಎಲ್ಲರೂ ನಡುಭಾಗವನ್ನೇ ಜಾಸ್ತಿ ತಿಕ್ಕುತ್ತಾರೆ, ಬಾಯಿ ನಡುವೆ ಕುಳಿ ಬೀಳುತ್ತದೆ. ಹಾಗಾಗಿ ಮೂಲೆಗಳ ಹತ್ತಿರ ಒಂದು ಕ್ಷಣ ಹೆಚ್ಚು ನಿಲ್ಲಿ. ಹಾಗಂತ ಮೂಲೆ ಕಳಚಿ ಆಚೆ ಉರುಳಿಸಿದರೆ ಮೂಲೆ ಮೊಂಡಾಗುತ್ತದೆ.

ಒಳಗಿನ ಬರ್ ತೆಗೆಯಲು ಸಮತಟ್ಟಾದ ಕಲ್ಲು ಕೆಲಸಕ್ಕೆ ಬಾರದು. ಬಾಯಿಯ ಬಾಗಿಗಿಂತ ಚೂರು ಸಣ್ಣ ಮರದ ಕೋಲಿಗೆ 1000ದ ಪೇಪರ್ ಸುತ್ತಿ, ಒಳಮೈಗೆ ಪೂರ್ತಿ ಅಂಟಿಸಿ ಹಿಂದೆ ಮುಂದೆ ಆಡಿಸಿ. ಆಮೇಲೆ ನನಗೆ ತುಂಬಾ ಇಷ್ಟವಾದ ಒಂದು ಉಪಾಯ. ಮೃದು ಮರದ ತುಂಡಿನಲ್ಲಿ ಅದೇ ಗೌಜಿನಿಂದ ಒಂದು ಕಾಲುವೆ ಕೊರೆಯಿರಿ. ಆ ಕಾಲುವೆ ಗೌಜಿನ ಹೊರಮೈಗೆ ಅಳತೆ ಮಾಡಿದಂತೆ ಕೂರುತ್ತದೆ. ಅದಕ್ಕೆ ಹಸಿರು ಸೋಪು ಬಳಿದರೆ ಆ ಗೌಜಿಗೇ ಸೇರಿದ ಪಾಲಿಷ್ ಹಲಗೆ ಸಿದ್ಧ. ಅದರ ಮೇಲೆ ಹೆಸರು ಬರೆದಿಡಿ.

ಕೊನೆಯಲ್ಲಿ ಓರೆಯ ಹಿಮ್ಮಡಿಯ ಚೂಪು ಅಂಚನ್ನು ಸ್ವಲ್ಪ ದುಂಡು ಮಾಡಿ. ಇಲ್ಲದಿದ್ದರೆ ಕೊಡದ ತಳದಲ್ಲಿ ಬಾಯಿ ಕತ್ತರಿಸುತ್ತಾ ಹೋದಂತೆ ಹಿಮ್ಮಡಿ ಅದರ ಹಿಂದೆ ಮರ ಜಜ್ಜುತ್ತಾ ಬರುತ್ತದೆ.

ಬಾಚಿ

ಇದಕ್ಕೆ ಹೆಚ್ಚು ನಾಜೂಕು ಬೇಡ. ಓರೆ ಮೊದಲಿನಿಂದ ಯಾವ ಕಡೆ ಇದೆಯೋ ಅದೇ ಕಡೆ ಇರಲಿ, ಬದಲಿಸಿದರೆ ಏಟು ಬೀಳುವ ರೀತಿಯೇ ಬದಲಾಗುತ್ತದೆ. ಬಾಚಿಯನ್ನು ವೈಸ್‌ನಲ್ಲಿ ಕಟ್ಟಿ, ಕಲ್ಲನ್ನು ಕೈಯಲ್ಲಿ ಹಿಡಿದು ತಿಕ್ಕಿ. 30 ಡಿಗ್ರಿ, 600ರ ಪೇಪರ್‌ವರೆಗೆ ಸಾಕು. ತಲೆ ಸಡಿಲವಾಗಿದ್ದರೆ ನೀರಲ್ಲಿ ನೆನೆಸಿ ಬಿಗಿಮಾಡುವುದು ಎರಡು ದಿನದ ಉಪಾಯ, ಒಣಗಿದ ಮೇಲೆ ಮೊದಲಿಗಿಂತ ಸಡಿಲ. ಹೊಸ ಬೆಣೆ ಹೊಡೆಯಿರಿ.

ಹತ್ತರಿ

ಅಲಗನ್ನು ಉಳಿಯಂತೆಯೇ ತಯಾರು ಮಾಡಿ. ಅದರ ಮೇಲೆ ಕೂರುವ ಕಬ್ಬಿಣದ ಮುಚ್ಚಳ ಪಟ್ಟಿಯನ್ನು ಬಹಳ ಜನ ಮರೆಯುತ್ತಾರೆ. ಪಟ್ಟಿಯ ತುದಿ ಅಲಗಿನ ಬೆನ್ನಿಗೆ ಎಲ್ಲೂ ಸಂದಿಲ್ಲದೆ ಕೂರಬೇಕು. ಎರಡನ್ನೂ ಸೇರಿಸಿ ಬೆಳಕಿಗೆ ಹಿಡಿಯಿರಿ, ಬೆಳಕು ಕಂಡ ಕಡೆ ಮರದ ಸುರುಳಿ ಸಿಕ್ಕಿಕೊಳ್ಳುತ್ತದೆ. ಹಲಸಿನ ಎದುರೆಳೆಗೆ ಈ ಪಟ್ಟಿಯನ್ನು ಅಲಗಿನ ಬಾಯಿಯಿಂದ ಅರ್ಧ ಮಿ.ಮೀ.ಗಿಂತ ಕಡಿಮೆ ಹಿಂದೆ ಇಡಿ. ಸುರುಳಿ ಹುಟ್ಟಿದ ಕೂಡಲೇ ಪಟ್ಟಿ ಅದನ್ನು ಮುರಿಯುತ್ತದೆ, ಮರ ಕಿತ್ತು ಬರುವುದಿಲ್ಲ.

ತಳ ಸಮ ಮಾಡುವಾಗ ಅಲಗು ಒಳಗೇ ಇರಲಿ, ತಳದ ಸೀಳಿನಿಂದ ಚೂರು ಹಿಂದೆ ಸರಿಸಿ ಎಂದಿನ ಬಿಗಿಯಲ್ಲಿ ಕೂರಿಸಿರಿ. ಅಲಗು ತೆಗೆದು ಸಮ ಮಾಡಿದ ತಳ ಅಲಗು ಬಿಗಿದಾಗ ಮತ್ತೆ ಬಾಗುತ್ತದೆ. ತಳದ ಮೂಗು (ಮುಂದಿನ ತುದಿ), ಸೀಳಿನ ಮುಂದಿನ ಅಂಚು, ಹಿಮ್ಮಡಿ (ಹಿಂದಿನ ತುದಿ), ಈ ಮೂರು ಕಡೆ ಮಸಿ ಅಳಿಸಿದರೆ ಸಾಕು. ನಡುನಡುವೆ ತಗ್ಗು ಉಳಿದರೆ ಉಳಿಯಲಿ.

ಸ್ಕ್ರೇಪರ್

ಮರ ಕೆರೆದು ನಯ ಮಾಡುವ ತೆಳು ಉಕ್ಕಿನ ತಗಡು ಇದು. ಹತ್ತರಿಯೂ ಸೋಲುವ ಕಡೆ ಇದು ಗೆಲ್ಲುತ್ತದೆ. ಒಡೆದ ಗಾಜಿನ ಚೂರಿನಿಂದ ಕೆರೆಯುವ ಹಳೆ ಪದ್ಧತಿ ಇದೆ, ಚೆನ್ನಾಗೇ ಕೆಲಸ ಮಾಡುತ್ತದೆ. ಆದರೆ ಕೈ ಜೋಪಾನ. ಹಳೆಯ ಕೈಗರಗಸದ ಅಲಗನ್ನು ಅಂಗೈಯಗಲ ಕತ್ತರಿಸಿಕೊಂಡರೆ ಪುಗಸಟ್ಟೆ ಸ್ಕ್ರೇಪರ್. ವೀಣೆಯ ಉದ್ದನೆಯ ದಂಡಿಗೆ ನೇರ ಅಂಚು, ಕೊಡದ ಒಳಮೈಗೆ ಮೊಟ್ಟೆಯಾಕಾರ.

ಅಂಚನ್ನು ಅರದಿಂದ ನೆಟ್ಟಗೆ, 90 ಡಿಗ್ರಿಗೆ ಸವೆಸಿ. 600, 1000ದಲ್ಲಿ ಅಂಚು ಮತ್ತು ಎರಡು ಮುಖ ನಯ ಮಾಡಿ. ಈಗ ಗಟ್ಟಿ ಉಕ್ಕಿನ ನುಣುಪು ಕಡ್ಡಿ ಬೇಕು. ಮೆಕ್ಯಾನಿಕ್ ಹತ್ತಿರ ಹಳೆಯ ಎಂಜಿನ್ ವಾಲ್ವ್ ಕೇಳಿ ತನ್ನಿ, ಅದರ ಕಾಂಡ ಇದಕ್ಕೆ ಹೇಳಿ ಮಾಡಿಸಿದ್ದು. ಒಂದು ಹನಿ ಎಣ್ಣೆ ಹಚ್ಚಿ, ಸ್ಕ್ರೇಪರನ್ನು ಮೇಜಿನ ಮೇಲೆ ಮಲಗಿಸಿ, ಮುಖದ ಮೇಲೆ ಅಂಚಿನ ಉದ್ದಕ್ಕೂ ಒತ್ತಿ ಎಳೆಯಿರಿ. ಆಮೇಲೆ ವೈಸ್‌ನಲ್ಲಿ ನಿಲ್ಲಿಸಿ, ಅಂಚಿನ ಮೇಲೆ ಮೊದಲು ನೇರ, ಮತ್ತೆ ಐದರಿಂದ ಹತ್ತು ಡಿಗ್ರಿ ವಾಲಿಸಿ ಎರಡು ಮೂರು ಸಲ. ಕಣ್ಣಿಗೆ ಕಾಣದಷ್ಟು ಸಣ್ಣ ಕೊಕ್ಕೆ ಅಲ್ಲಿ ಎದ್ದಿರುತ್ತದೆ. ಅದೇ ಕತ್ತರಿಸುವುದು. ಹಲಸಿನ ಮೇಲೆ ಎಳೆದರೆ ತೆಳ್ಳಗಿನ ಹಳದಿ ಸುರುಳಿ ಬರಬೇಕು. ಪುಡಿ ಬಂದರೆ ಕೊಕ್ಕೆ ಸವೆದಿದೆ, ವಾಲ್ವ್ ಕಾಂಡದಿಂದ ಮತ್ತೆ ಎಬ್ಬಿಸಿ.

ಬಿರಡೆ ತೂತಿನ ರೀಮರ್

ತಂತಿ ಬಿಗಿಯುವ ಬಿರಡೆಗೆ ಇಳಿಜಾರು ತೂತು ಸವರುವ ಹತಾರ ರೀಮರ್. ಇದೊಂದು ವಿಷಯದಲ್ಲಿ ಎಚ್ಚರ. ಬಿರಡೆ ನಿಲ್ಲುವುದು ತೂತಿನ ಇಳಿಜಾರು ಬಿರಡೆಯ ಇಳಿಜಾರಿಗೆ ಸರಿಹೊಂದಿದಾಗ. ರೀಮರಿನ ಹೊರಮೈಯನ್ನು ತಿಕ್ಕಿದರೆ ಆ ಅಳತೆ ಕೆಡುತ್ತದೆ, ಬಿರಡೆ ಒಂದೇ ಕಡೆ ಕಚ್ಚಿ ಶ್ರುತಿ ಜಾರುತ್ತದೆ. ಅಲಗಿನ ಒಳಮುಖವನ್ನಷ್ಟೇ ಸಣ್ಣ ಕಲ್ಲಿನಿಂದ, ಚಪ್ಪಟೆಯಾಗಿ, ಎಲ್ಲ ಅಲಗಿಗೂ ಸಮ ಸಂಖ್ಯೆಯಲ್ಲಿ ತಿಕ್ಕಿ.

ಹಿಡಿ, ಎಣ್ಣೆ, ಮಳೆಗಾಲ

ಹಿಡಿಗೆ ಕರಿಜಾಲಿ ಚೆನ್ನ, ಕೊಡತಿಗೆ ಹುಣಸೆ. ಒಡೆದ ಹಿಡಿಗೆ ಫೆವಿಕಾಲ್ ತುಂಬುವುದಕ್ಕಿಂತ ಹೊಸದು ಮಾಡಿ, ಹಿಡಿಯ ತುದಿಗೆ ಹಿತ್ತಾಳೆ ಪೈಪಿನ ಬಳೆ ಹಾಕಿ. ಅಗಸೆ ಎಣ್ಣೆ ಎರಡು ಕೈ ಸಾಕು. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ತಾನಾಗಿಯೇ ಬೆಂಕಿ ಹತ್ತಿದ್ದೂ ಇದೆ. ಬಿಡಿಸಿ ತಂತಿಯ ಮೇಲೆ ಒಣಹಾಕಿ.

ಉಕ್ಕಿಗೆ ಕೊಬ್ಬರಿ ಎಣ್ಣೆ ಬೇಡ, ಕೆಲವು ತಿಂಗಳಲ್ಲಿ ಅಂಟಂಟಾಗುತ್ತದೆ. ಹೊಲಿಗೆ ಯಂತ್ರದ ಎಣ್ಣೆ ತೆಳ್ಳಗೆ ಸವರಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿಡಿ, ವಾರಕ್ಕೊಮ್ಮೆ ತೆಗೆದು ನೋಡಿ. ತೊಗಲಿನ ಚೀಲದಲ್ಲಿ ಇಡುವುದು ನೋಡಲು ಚೆಂದ, ಆದರೆ ತೊಗಲು ತೇವ ಹಿಡಿಯುತ್ತದೆ.

ಸಿಲಿಕೋನ್ ಸ್ಪ್ರೇಯನ್ನು ವಾದ್ಯ ಮಾಡುವ ಕೋಣೆಯೊಳಗೇ ತರಬೇಡಿ. ಮರಕ್ಕೆ ಅದು ಒಂದು ಹನಿ ತಾಗಿದರೂ ಪಾಲಿಷ್ ಆ ಜಾಗದಲ್ಲಿ ಕಣ್ಣು ಕಣ್ಣಾಗಿ ಬಿಟ್ಟುಕೊಳ್ಳುತ್ತದೆ. ಮಾಮೂಲಿ ಎಣ್ಣೆಯಾದರೂ ಅಂಟು ಹಾಕುವ ಮೇಲ್ಮೈ ಸವರುವ ಮುನ್ನ ಉಳಿಯನ್ನು ಸ್ಪಿರಿಟ್ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಕೊಡದ ಮೇಲೆ ಹಲಗೆ ಕೂರಿಸುವ ಅಂಚಿನಲ್ಲಿ ಎಣ್ಣೆ ಉಳಿದಿದ್ದರೆ ಅಂಟು ಹಿಡಿಯುವುದಿಲ್ಲ. ಅದು ಗೊತ್ತಾಗುವುದು ತಂತಿ ಬಿಗಿದ ಮೇಲೆ.